ಕಲಬುರಗಿಯ ಹೊತ್ತನ್ನು ಕಲಬುರಗಿಗೆ ಕೊಡಿ: ಪ್ರಸಾರ ಭಾರತಿ ಮಂಡಳಿಯ ಸದಸ್ಯರಿಗೆ ಬಹಿರಂಗ ಪತ್ರ



ಕರ್ನಾಟಕದ ಮೊದಲ ಟಿವಿ ಕೇಂದ್ರ ಬೆಂಗಳೂರಿನಲ್ಲಿ ಹುಟ್ಟಲಿಲ್ಲ, ಕಲಬುರಗಿಯಲ್ಲಿ ಹುಟ್ಟಿತು. ಬೆಂಗಳೂರಿನಲ್ಲಿ ಈ ಮಾತು ಹೇಳಿದರೆ ಓದಿಕೊಂಡವರೂ ಒಮ್ಮೆ ಮುಖ ನೋಡುತ್ತಾರೆ. ಆದರೆ ನಡೆದದ್ದು ಹಾಗೆಯೇ. ಆಗ ಗುಲ್ಬರ್ಗ ಎನ್ನುತ್ತಿದ್ದ ಈ ಊರಿನಲ್ಲಿ 1977ರ ಸೆಪ್ಟೆಂಬರಿನಲ್ಲಿ ಪ್ರಸಾರ ಶುರುವಾಯಿತು. ರಾಜಧಾನಿಗೆ ದೂರದರ್ಶನ ಬಂದದ್ದು 1981ರಲ್ಲಿ. ರೈಲು, ಕಾಲೇಜು, ಆಸ್ಪತ್ರೆ, ಏನೇ ಆಗಲಿ ಮೊದಲು ದಕ್ಷಿಣಕ್ಕೆ ಹೋಗಿ, ಮಿಕ್ಕಿದ್ದು ಮಾತ್ರ ತಡವಾಗಿ ನಮ್ಮ ಕಡೆ ಬರುವುದನ್ನು ನೋಡುತ್ತ ಬೆಳೆದವರಿಗೆ ಇದು ಸಣ್ಣ ಸಂಗತಿಯಲ್ಲ.

ಆ ಕೇಂದ್ರ ಇವತ್ತು ನಿಮ್ಮ ಸುಪರ್ದಿಯಲ್ಲಿದೆ. ಅದು ಯಾಕೆ ಹುಟ್ಟಿತು, ಯಾರ ಯಾರ ಕೈಗೆ ಹೋಯಿತು, ಅದರ ಹೊತ್ತು ಹೇಗೆ ಕರಗಿತು ಎಂಬುದನ್ನು ನಿಮ್ಮ ಮುಂದಿಟ್ಟು, ಅದಾದ ಮೇಲೆ ನಮ್ಮ ಬೇಡಿಕೆ ಹೇಳುತ್ತೇನೆ. ನಿಮಗೆ ಕಳಿಸುವ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಈ ಚರಿತ್ರೆ ನಮ್ಮ ಕಡೆಯ ಕಾಲೇಜು ಹುಡುಗರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಕೇಳಿ ಪಡೆಯುವುದಿಲ್ಲ.

1975ರಲ್ಲಿ ನಮ್ಮ ದೇಶ ಅಮೆರಿಕದ ನಾಸಾ ಸಂಸ್ಥೆಯಿಂದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆಯಿತು. ಟಿವಿ ಎಂಬುದನ್ನು ದಿಲ್ಲಿ, ಮುಂಬಯಿಯಂಥ ನಾಲ್ಕಾರು ನಗರಗಳು ಮಾತ್ರ ಕಂಡಿದ್ದ ಕಾಲ ಅದು. ಟಿವಿ ಮೊದಲು ಹಳ್ಳಿಗೆ ಹೋಗಬೇಕು, ನಗರ ಆಮೇಲೆ ಎಂಬುದು ವಿಕ್ರಮ್ ಸಾರಾಭಾಯಿ ಅವರ ಯೋಚನೆಯಾಗಿತ್ತು. ಅವರು ತೀರಿಕೊಂಡ ಮೇಲೆ ಇಸ್ರೊ ಅದನ್ನು ಕೈಬಿಡಲಿಲ್ಲ. ಹಾಗೆ ನಡೆದ ಪ್ರಯೋಗವನ್ನು ಎಲ್ಲರೂ ಸೈಟ್ ಎಂದೇ ಕರೆದರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ಇಳಿಯಿತು. ಹಳ್ಳಿ ಆರಿಸುವಾಗ ಹಿಂದುಳಿದ ಜಿಲ್ಲೆಗಳೇ ಬೇಕೆಂದು ಹುಡುಕಿದರು. ಕರ್ನಾಟಕದಿಂದ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಆಯ್ಕೆಯಾದವು. ಹಿಂದುಳಿದವರೆಂಬ ಕಾರಣಕ್ಕೇ ನಮಗೆ ಏನಾದರೂ ಮೊದಲು ಸಿಕ್ಕಿದ್ದು ಬಹುಶಃ ಅದೊಂದೇ ಸಲ.

ಆ ಏರ್ಪಾಟನ್ನು ನೆನೆದರೆ ಈಗಲೂ ಅಭಿಮಾನವಾಗುತ್ತದೆ. ಮೂರು ಮೀಟರ್ ಅಗಲದ ಛತ್ರಿ, ಅದಕ್ಕೆ ಕೋಳಿಗೂಡಿಗೆ ಹಾಕುವಂಥ ತಂತಿ ಬಲೆ. ಒಳಗೆ ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಕಪ್ಪು-ಬಿಳುಪು ಸೆಟ್ಟು. ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿದ್ದರಿಂದ ಒಂದೇ ಚಿತ್ರಕ್ಕೆ ತೆಲುಗು ಮಾತನ್ನೂ ಕನ್ನಡ ಮಾತನ್ನೂ ಜೋಡಿಸಬಹುದಿತ್ತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಹಿಂದಿ, ಒಡಿಯಾ, ತೆಲುಗು, ಕನ್ನಡ, ಈ ನಾಲ್ಕು ಭಾಷೆಗೂ ತಲಾ ಇಪ್ಪತ್ತೆರಡೂವರೆ ನಿಮಿಷ. ಸಂಜೆ ದೊಡ್ಡವರಿಗೆ: ಬೇಸಾಯ, ದನಕರು, ಆರೋಗ್ಯ, ಕುಟುಂಬ ಯೋಜನೆ, ಹಾಡು, ಕುಣಿತ. ಅದರ ನಡುವೆ ಅರ್ಧ ಗಂಟೆ ಎಲ್ಲ ರಾಜ್ಯಗಳಿಗೂ ಸೇರಿ ದಿಲ್ಲಿಯ ಹಿಂದಿ ಕಾರ್ಯಕ್ರಮ. ತುರ್ತು ಪರಿಸ್ಥಿತಿಯ ದಿನಗಳು. ದಿಲ್ಲಿಯ ಆ ಅರ್ಧ ಗಂಟೆಯಲ್ಲಿ ಯಾರ ಮಾತು ಕೇಳುತ್ತಿತ್ತು ಎಂದು ನಾನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಅವು ಉಪಗ್ರಹಕ್ಕೆ ಏರುತ್ತಿದ್ದುದು ಅಹಮದಾಬಾದಿನ ಭೂಕೇಂದ್ರದಿಂದ. ಬೆಂಗಳೂರಿಗೆ ಅದರಲ್ಲಿ ಪಾಲೇ ಇರಲಿಲ್ಲ. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಹೈದರಾಬಾದು ಪರವೂರಲ್ಲ. ವ್ಯಾಪಾರಕ್ಕೆ, ದವಾಖಾನೆಗೆ, ದುಡಿಮೆಗೆ ಈಗಲೂ ನಮ್ಮ ಜನ ಹೋಗುವುದು ಅಲ್ಲಿಗೇ. ಆದರೂ ಒಂದು ಮಾತು ಗಮನಿಸಿ: ನಮ್ಮ ಟಿವಿಗೆ ಮೊದಲ ದಿನದಿಂದಲೇ ಯಜಮಾನರು ಬೇರೆ ಊರಿನವರು.

ಇಸ್ರೊದ ಸಮಾಜಶಾಸ್ತ್ರಜ್ಞರು ಹಳ್ಳಿಗಳಲ್ಲಿ ಕೂತು ಈ ಪ್ರಯೋಗವನ್ನು ಅಳೆದರು. ಮೊದಮೊದಲು ಜಾತ್ರೆಯಂತೆ ನೆರೆದ ಜನ ಆಮೇಲೆ ಕಡಿಮೆಯಾಗಿ, ಒಂದು ಸೆಟ್ಟಿನ ಮುಂದೆ ಸರಾಸರಿ ನೂರು ಮಂದಿಯ ಆಸುಪಾಸು ನಿಂತಿತು. ಹೊಸ ವಿಷಯವನ್ನು ಹೆಚ್ಚು ಕಲಿತವರು ಹೆಂಗಸರು ಮತ್ತು ಓದುಬರಹ ಇಲ್ಲದವರು. ಹಳ್ಳಿಯವರಿಗೆ ಮನರಂಜನೆ ಸಾಕು ಎಂದುಕೊಂಡಿದ್ದವರಿಗೆ ಇನ್ನೊಂದು ಅಚ್ಚರಿ ಕಾದಿತ್ತು. ಬೀಜ, ಗೊಬ್ಬರ, ರೋಗ, ಔಷಧಿಯ ಬಗ್ಗೆ ಖಚಿತವಾಗಿ ತಿಳಿಸಿ ಹೇಳುವ ಕಾರ್ಯಕ್ರಮಗಳನ್ನೇ ಜನ ಹೆಚ್ಚು ಇಷ್ಟಪಟ್ಟರು. ಈ ವರದಿಗಳು ನಿಮ್ಮ ಕಡತಗಳಲ್ಲೂ ಇಸ್ರೊದ ಕಡತಗಳಲ್ಲೂ ಇವೆ. ದಯವಿಟ್ಟು ತೆಗೆಸಿ ಓದಿ. ಹಳ್ಳಿಯ ವೀಕ್ಷಕರಿಗೆ ಏನು ಬೇಕು ಎಂಬ ಪ್ರಶ್ನೆಗೆ ಐವತ್ತು ವರ್ಷದ ಹಿಂದೆಯೇ ಉತ್ತರ ಸಿಕ್ಕಿತ್ತು.

ವರ್ಷ ಮುಗಿಯಿತು, ಎರವಿನ ಉಪಗ್ರಹ ಹೊರಟುಹೋಯಿತು. ರುಚಿ ಹತ್ತಿಸಿ ಕೈಬಿಡುವುದು ಸರಿಯಲ್ಲವೆಂದು ಸರ್ಕಾರ ಸೈಟ್ ಹಳ್ಳಿಗಳಿರುವ ಆರು ಕಡೆ ನೆಲದ ಮೇಲಿನ ಪ್ರಸಾರ ಕೇಂದ್ರಗಳನ್ನು ಕಟ್ಟಿತು: ಜೈಪುರ, ರಾಯಪುರ, ಹೈದರಾಬಾದ್, ಮುಜಫ್ಫರಪುರ, ಸಂಬಲಪುರ, ಮತ್ತು ನಮ್ಮ ಗುಲ್ಬರ್ಗ. ಇದೇ ಕಲಬುರಗಿ ಕೇಂದ್ರದ ಜನ್ಮವೃತ್ತಾಂತ. ಯಾವ ಮಂತ್ರಿಯ ಊರೆಂದೂ ಅದು ಬರಲಿಲ್ಲ, ಜಾಹೀರಾತಿನ ಮಾರುಕಟ್ಟೆ ದೊಡ್ಡದೆಂದೂ ಬರಲಿಲ್ಲ. ಈ ಹಳ್ಳಿಗಳಿಗೆ ಕೊಟ್ಟದ್ದನ್ನು ಮುಂದುವರಿಸಬೇಕು ಎಂಬ ಒಂದೇ ಕಾರಣಕ್ಕೆ ಬಂತು.

ಆಗಲೇ ಒಂದು ಪಾಲು ಕೈತಪ್ಪಿತ್ತು. ಉಪಗ್ರಹಕ್ಕೆ ಬಿಜಾಪುರವೂ ಒಂದೇ, ರಾಯಚೂರೂ ಒಂದೇ. ನೆಲದ ಮೇಲಿನ ಟವರಿಗೆ ಹಾಗಲ್ಲ, ಅದರ ಅಲೆ ಸುತ್ತಲಿನ ಹತ್ತಾರು ಕಿಲೋಮೀಟರಿಗೆ ಮುಗಿಯುತ್ತದೆ. ಆರೂ ಟವರುಗಳು ಸೇರಿ ಸೈಟ್ ಹಳ್ಳಿಗಳಲ್ಲಿ ಅರ್ಧದಷ್ಟನ್ನೂ ಮುಟ್ಟಲಿಲ್ಲ. ರಾಯಚೂರು, ಬಿಜಾಪುರದ ದೂರದ ಹಳ್ಳಿಗಳಲ್ಲಿ ಸೆಟ್ಟುಗಳು ಸುಮ್ಮನೆ ಕೂತವು.

ಕಲಬುರಗಿಯ ಮುಂದಿನ ಪಾಡನ್ನು ಹೇಳುವ ಮೊದಲು ಅದರ ಓರಗೆಯ ಇನ್ನೊಂದು ಕೇಂದ್ರದ ವಿಷಯ ಹೇಳಬೇಕು. ಸ್ಥಳೀಯ ಟಿವಿ ಎಂದರೆ ಏನೆಂದು ಈ ದೇಶದಲ್ಲಿ ಮಾಡಿ ತೋರಿಸಿದ್ದು ಅದು.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ, ನಡಿಯಾದ್ ಹತ್ತಿರ, ಪಿಜ್ ಎಂಬ ಹಳ್ಳಿ. ಸೈಟ್ ಕಾಲದಲ್ಲೇ ಅಲ್ಲಿ 1 ಕಿಲೋವಾಟಿನ ಪುಟ್ಟ ಪ್ರಸಾರ ಯಂತ್ರ ನಿಂತಿತು. ಅಹಮದಾಬಾದಿನ ಇಸ್ರೊ ಕೇಂದ್ರ ಮತ್ತು ದೂರದರ್ಶನ ಸೇರಿ ಕಾರ್ಯಕ್ರಮ ಮಾಡುತ್ತಿದ್ದವು. ಸುಮಾರು ನಾನೂರು ಹಳ್ಳಿಗಳಲ್ಲಿ ಆರುನೂರಕ್ಕೂ ಹೆಚ್ಚು ಸಾರ್ವಜನಿಕ ಸೆಟ್ಟುಗಳಿದ್ದವು. ಖೇಡಾ ಎಂದರೆ ಅಮುಲ್ ಹುಟ್ಟಿದ ಜಿಲ್ಲೆ, ಊರೂರಿಗೆ ಹಾಲಿನ ಸಂಘ. ಸಂಜೆ ಸೇರಿ ಕೂತು ನೋಡುವುದು ಅಲ್ಲಿಯ ಜನಕ್ಕೆ ಕಷ್ಟವಾಗಲಿಲ್ಲ. ಜಾಹೀರಾತು ಇರಲಿಲ್ಲ. ದಿಲ್ಲಿಯ ಕಾರ್ಯಕ್ರಮವೂ ಅದೇ ಟವರಿನಿಂದ ಬರುತ್ತಿತ್ತು, ಆದರೆ ಊರಿನ ಹೊತ್ತು ಊರಿನದಾಗಿತ್ತು. ನಟರು ಹಳ್ಳಿಯವರು, ಮಾತು ಆ ಚರೋತರ್ ಸೀಮೆಯ ಆಡುಮಾತು. ಕೂಲಿಯವರಿಗೆ ಸಿಗಬೇಕಾದ ಕನಿಷ್ಠ ವೇತನ, ಅಸ್ಪೃಶ್ಯತೆ, ಹೆಣ್ಣಿನ ಮೇಲಿನ ದಬ್ಬಾಳಿಕೆ, ಇವು ಅಲ್ಲಿ ನಾಟಕಗಳಾದವು. 'ದಾದ್ ಫರಿಯಾದ್' ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯವರು ದೂರು ಹೇಳುತ್ತಿದ್ದರು, ಸಂಬಂಧಪಟ್ಟ ಅಧಿಕಾರಿ ಕ್ಯಾಮೆರಾ ಮುಂದೆ ಕೂತು ಉತ್ತರ ಕೊಡಬೇಕಿತ್ತು. ತಹಶೀಲ್ದಾರ ಕಚೇರಿಯ ಮುಂದೆ ಕಾದು ಕಾದು ಸಾಕಾದವರಿಗೆ ಇದರ ಬೆಲೆ ಗೊತ್ತು.

ಪಿಜ್ ಅನುಭವಕ್ಕೆ 1984ರಲ್ಲಿ ಗ್ರಾಮೀಣ ಸಂವಹನಕ್ಕಾಗಿ ಯುನೆಸ್ಕೊದ ಐಪಿಡಿಸಿ ಪ್ರಶಸ್ತಿ ಬಂತು. 1985ರಲ್ಲಿ ಪಿಜ್ ಟವರನ್ನು ನಿಲ್ಲಿಸಿದರು. ಅಹಮದಾಬಾದಿನ ದೊಡ್ಡ ಯಂತ್ರ ಖೇಡಾವನ್ನೂ ಮುಟ್ಟುತ್ತದಲ್ಲ, ಇದು ಯಾಕೆ ಎಂಬುದು ವಾದ. ಆ ಯಂತ್ರವನ್ನು ಮದ್ರಾಸಿನ ಎರಡನೇ ಚಾನೆಲ್ಲಿಗೆ ಸಾಗಿಸುವ ತೀರ್ಮಾನವಾದಾಗ ಖೇಡಾದ ಜನ ಬೀದಿಗಿಳಿದು ವಿರೋಧಿಸಿದರು. ಟಿವಿ ನೋಡುವವರು ತಮ್ಮ ಟಿವಿ ಕೇಂದ್ರಕ್ಕಾಗಿ ಜಗಳಕ್ಕೆ ನಿಂತ ಪ್ರಸಂಗ ಈ ದೇಶದಲ್ಲಿ ಇನ್ನೆಷ್ಟಿವೆ? ಜನ ನಿಂತದ್ದು ಯಂತ್ರಕ್ಕಾಗಿ ಎಂದು ನನಗೆ ಅನಿಸುವುದಿಲ್ಲ. ತಮ್ಮ ಮಾತು ಕೇಳುವ ಒಂದು ಹೊತ್ತು ದಿನದಲ್ಲಿ ಇತ್ತು, ಅದು ಹೋಗುತ್ತಿದೆ ಎಂದು ಅವರಿಗೆ ಅರ್ಥವಾಗಿತ್ತು.

ಕಲಬುರಗಿಯಲ್ಲಿ ಆದದ್ದು ಇದೇ, ಆದರೆ ನಿಧಾನವಾಗಿ, ಸದ್ದಿಲ್ಲದೆ.

1982ರ ಆಗಸ್ಟ್ 15ರಂದು ದಿಲ್ಲಿಯಿಂದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, ಜೊತೆಗೆ ಬಣ್ಣವೂ ಬಂತು. 1983ರ ಆಗಸ್ಟಿನಲ್ಲಿ ಇನ್ಸಾಟ್-1ಬಿ ಉಪಗ್ರಹ ಮೇಲೇರಿತು. 1984ರಲ್ಲಿ ಕೆಲವು ತಿಂಗಳ ಕಾಲ ಹೆಚ್ಚುಕಡಿಮೆ ದಿನಕ್ಕೊಂದರಂತೆ ದೇಶದ ತುಂಬ ಟವರುಗಳು ಎದ್ದವು. ಅವುಗಳಲ್ಲಿ ಬಹುಪಾಲಿಗೆ ಸ್ಟುಡಿಯೊ ಇರಲಿಲ್ಲ. ದಿಲ್ಲಿಯಿಂದ ಬಂದದ್ದನ್ನು ಹಾಗೇ ಮುಂದಕ್ಕೆ ಬಿಡುವುದಷ್ಟೇ ಅವುಗಳ ಕೆಲಸ. ಸ್ಟುಡಿಯೊ ಇರುವ ಕೇಂದ್ರಗಳೂ ರಾತ್ರಿ 8.40 ಆಯಿತೆಂದರೆ ತಮ್ಮ ಬಾಯಿ ಮುಚ್ಚಿ ದಿಲ್ಲಿಗೆ ಜೋಡಿಸಿಕೊಳ್ಳಬೇಕಾಯಿತು. ರಾತ್ರಿಯ ಊಟ ಮುಗಿಸಿ ಜನ ಟಿವಿ ಮುಂದೆ ಕೂರುವ ಹೊತ್ತೇ ಅದು. 'ಹಮ್ ಲೋಗ್' ನಾವೂ ನೋಡಿದ್ದೇವೆ, 'ರಾಮಾಯಣ'ಕ್ಕೆ ನಾವೂ ಕಾದಿದ್ದೇವೆ, 'ಮಾಲ್ಗುಡಿ ಡೇಸ್'ನಲ್ಲಿ ಶಂಕರ್ ನಾಗ್ ಆಗುಂಬೆಯನ್ನು ದೇಶಕ್ಕೆಲ್ಲ ತೋರಿಸಿದಾಗ ಹೆಮ್ಮೆ ಪಟ್ಟಿದ್ದೇವೆ. ದಿಲ್ಲಿ ಕೊಟ್ಟದ್ದೆಲ್ಲ ಕಳಪೆ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಹೊತ್ತೆಲ್ಲ ಅವರಿಗೆ ಹೋದ ಮೇಲೆ ನಮಗೆ ಉಳಿದದ್ದು ಯಾವ ಹೊತ್ತು ಎಂಬುದು ನನ್ನ ಪ್ರಶ್ನೆ.

ಇದಕ್ಕಿಂತ ಹೆಚ್ಚು ನೋಯಿಸುವ ಸಂಗತಿ ಇನ್ನೊಂದಿದೆ. ಇನ್ಸಾಟ್ ಬಂದ ಮೇಲೆ ಸೈಟ್ ಮಾದರಿಯಲ್ಲೇ ಹಳ್ಳಿಗಳಿಗೆ ಅವರವರ ಸೀಮೆಗೆ ತಕ್ಕ ಕಾರ್ಯಕ್ರಮ ಕೊಡುವ ಯೋಜನೆಗೆ ಆರು ರಾಜ್ಯಗಳನ್ನು ಆರಿಸಿದರು: ಆಂಧ್ರ, ಒರಿಸ್ಸಾ, ಬಿಹಾರ, ಉತ್ತರ ಪ್ರದೇಶ, ಗುಜರಾತ್, ಮಹಾರಾಷ್ಟ್ರ. ಎರವಿನ ಉಪಗ್ರಹದ ಪ್ರಯೋಗದಲ್ಲಿ ಸೇರಿದ್ದ ಕರ್ನಾಟಕ ಸ್ವಂತ ಉಪಗ್ರಹದ ಯೋಜನೆಯಲ್ಲಿ ಇರಲಿಲ್ಲ. ಪ್ರಯೋಗಕ್ಕೆ ಮೈ ಕೊಟ್ಟವರು ನಾವು, ಫಲ ಉಣ್ಣುವ ಪಂಕ್ತಿಯಲ್ಲಿ ನಮಗೆ ಎಲೆ ಹಾಕಲಿಲ್ಲ.

ಅದೇ ವರ್ಷಗಳಲ್ಲಿ ಪಿ. ಸಿ. ಜೋಶಿ ಅವರ ಅಧ್ಯಕ್ಷತೆಯ ಕಾರ್ಯತಂಡ ದೂರದರ್ಶನ ದಿಲ್ಲಿಯಿಂದ ಹೊರಗೆ ಬರಬೇಕು, ಹಳ್ಳಿಗೂ ಪ್ರಾದೇಶಿಕ ಬದುಕಿಗೂ ಕಿವಿಗೊಡಬೇಕು ಎಂಬ ದಿಕ್ಕಿನಲ್ಲಿ ವರದಿ ಕೊಟ್ಟಿತ್ತು. ಅದಕ್ಕೂ ಮೊದಲು, 1978ರಲ್ಲಿ, ವರ್ಗೀಸ್ ಸಮಿತಿ ಪ್ರಸಾರವನ್ನು ಸರ್ಕಾರದ ಹಿಡಿತದಿಂದ ಬಿಡಿಸಿ ಸ್ವಾಯತ್ತ ಸಂಸ್ಥೆಗೆ ವಹಿಸಬೇಕೆಂದಿತ್ತು. ವರದಿಗಳು ಕಪಾಟು ಸೇರಿದವು, ಟವರುಗಳು ಮಾತ್ರ ಎದ್ದವು.

1990ರ ದಶಕದ ಕತೆ ಬೇಗ ಹೇಳಿಬಿಡಬಹುದು. ಬೆಂಗಳೂರಿನಿಂದ ಉಪಗ್ರಹದ ಮೂಲಕ ಕನ್ನಡ ಚಾನೆಲ್ ಬಂತು, ಅದೇ ಇಂದಿನ ಚಂದನ. ಖಾಸಗಿ ಚಾನೆಲ್ಲುಗಳೂ ಬಂದವು. ಕಲಬುರಗಿ ಕೇಂದ್ರ ಚಂದನಕ್ಕೆ ಒಂದು ಕವಲಾಯಿತು: ಇಲ್ಲಿ ತಯಾರಾದದ್ದು ಅಲ್ಲಿಗೆ ಹೋಗಬೇಕು, ಅವರು ಕೊಟ್ಟ ವೇಳೆಯಲ್ಲಿ ಬರಬೇಕು. ಚಂದನದ ಬಗ್ಗೆ ನನಗೆ ಗೌರವವಿದೆ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ಸಾವಿರಾರು ಸಂಚಿಕೆ ದಾಟಿ ಮನೆಮಾತಾಗಿರುವುದು, ಚೀರಾಟವಿಲ್ಲದ ಚಾನೆಲ್ಲನ್ನೂ ಕನ್ನಡಿಗರು ನೋಡುತ್ತಾರೆ ಎಂಬುದಕ್ಕೆ ಸಾಕ್ಷಿ. ಆದರೆ ಕಲಬುರಗಿಗೂ ಬೆಂಗಳೂರಿಗೂ ಸುಮಾರು 600 ಕಿಲೋಮೀಟರ್ ದೂರ. ಆ ದೂರ ಮಾತಿನಲ್ಲಿದೆ, ಬೆಳೆಯಲ್ಲಿದೆ, ಬಿಸಿಲಿನಲ್ಲಿದೆ. ಮುಂಗಾರು ತಡವಾದರೆ ರಾಗಿಯ ಚಿಂತೆ ಮಾಡುವ ಸೀಮೆಯಲ್ಲಿ ಕೂತು ತೊಗರಿಯ ಚಿಂತೆ ಮಾಡುವುದು ಸುಲಭವಲ್ಲ. ಅದು ಯಾರ ಕೆಟ್ಟತನವೂ ಅಲ್ಲ.

ಹೀಗೆ ನಮ್ಮ ಟಿವಿ ಮೊದಲು ನಾಸಾದ ಉಪಗ್ರಹಕ್ಕೆ, ಹೈದರಾಬಾದಿಗೆ, ಆಮೇಲೆ ದಿಲ್ಲಿಗೆ, ಕೊನೆಗೆ ಬೆಂಗಳೂರಿಗೆ ಜೋಡಿಕೊಂಡಿತು. ಒಂದು ಸಲವೂ ಅದನ್ನು ಕೇಳಲಿಲ್ಲ. ಅದನ್ನು ನೋಡುವವರನ್ನಂತೂ ಕೇಳಲೇ ಇಲ್ಲ.

ಕೇಳುವ ಪದ್ಧತಿ ಇರುವ ಕಡೆ ಏನಾಗುತ್ತದೆ ಎಂಬುದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದಲ್ಲಿ ಊರಿನ ಟಿವಿ ಕೇಂದ್ರಕ್ಕೆ ಬೇರೆ ಮಾಲೀಕರು, ಕಾರ್ಯಕ್ರಮ ಕೊಡುವ ದೊಡ್ಡ ನೆಟ್‌ವರ್ಕಿಗೆ ಬೇರೆ ಮಾಲೀಕರು ಇರುವುದು ಸಾಮಾನ್ಯ, ನಡುವೆ ಕರಾರು. ಸ್ಯಾನ್ ಫ್ರಾನ್ಸಿಸ್ಕೊ ನಗರದ ಕೆಆರ್‌ಒಎನ್ ಕೇಂದ್ರ 1949ರ ನವೆಂಬರಿನಲ್ಲಿ ಆ ಊರಿನ ಕ್ರಾನಿಕಲ್ ಪತ್ರಿಕೆಯ ಒಡೆತನದಲ್ಲಿ ಶುರುವಾಗಿ, ಐದು ದಶಕ ಎನ್‌ಬಿಸಿ ನೆಟ್‌ವರ್ಕಿನ ಜೊತೆ ಇತ್ತು. ಅದು ಮಾರಾಟಕ್ಕೆ ಬಂದಾಗ ಎನ್‌ಬಿಸಿಯೇ ಕೊಳ್ಳಲು ನೋಡಿತು, ಸಿಗಲಿಲ್ಲ. ಯಂಗ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಕೊಂಡಿತು. ಆಗ ಎನ್‌ಬಿಸಿ ಷರತ್ತು ಹಾಕಿತು: ನಮ್ಮ ಕಾರ್ಯಕ್ರಮಕ್ಕೆ ನೀವು ಹಣ ಕೊಡಬೇಕು, ನಿಮ್ಮ ಕೇಂದ್ರವನ್ನು ನಮ್ಮ ಹೆಸರಿನಿಂದಲೇ ಕರೆಯಬೇಕು. ಕೇಂದ್ರ ಒಪ್ಪಲಿಲ್ಲ. 2002ರ ಜನವರಿ 1ರಿಂದ ಎನ್‌ಬಿಸಿ ಪಕ್ಕದ ಸ್ಯಾನ್ ಹೋಸೆಯ ಕೆಎನ್‌ಟಿವಿಗೆ ಹೋಯಿತು. ನೆಟ್‌ವರ್ಕ್ ಬಿಟ್ಟುಹೋದ ಖಾಲಿ ಹೊತ್ತಿಗೆ ಕೆಆರ್‌ಒಎನ್ ಊರಿನ ಸುದ್ದಿಯನ್ನು ಹೆಚ್ಚಿಸಿ ತುಂಬಿತು. ಅದಕ್ಕೆ ತೆತ್ತ ಬೆಲೆಯೂ ದೊಡ್ಡದೇ. ಯಂಗ್ ಕಂಪನಿ 2009ರಲ್ಲಿ ದಿವಾಳಿ ಅರ್ಜಿ ಹಾಕಿತು, ಕೇಂದ್ರ ಆಮೇಲೆ ಬೇರೆ ಬೇರೆ ಕೈ ಸೇರಿತು, 2006ರಲ್ಲಿ ಮೈನೆಟ್‌ವರ್ಕ್‌ಟಿವಿ, 2023ರಲ್ಲಿ ಸಿಡಬ್ಲ್ಯು ನೆಟ್‌ವರ್ಕುಗಳ ಜೊತೆ ಸೇರಿತು. ಆದರೂ ಆ ಊರಿನ ಸುದ್ದಿ ಅಲ್ಲಿ ನಿಂತಿಲ್ಲ. ಅಲ್ಲಿಯ ವ್ಯಾಪಾರದ ಪದ್ಧತಿ ನಮಗೆ ಬೇಕೆಂದು ನಾನು ಕೇಳುತ್ತಿಲ್ಲ. ಅಲ್ಲಿಯ ಊರಿನ ಕೇಂದ್ರಕ್ಕೆ ದೊಡ್ಡವರ ಮುಂದೆ 'ಆಗದು' ಎನ್ನುವ ಹಕ್ಕಿತ್ತು, ಹಾಗೆಂದ ಮೇಲೆ ತನ್ನ ಹೊತ್ತನ್ನು ತಾನೇ ತುಂಬುವ ತಾಕತ್ತೂ ಇತ್ತು. ನಮ್ಮ ಕೇಂದ್ರಕ್ಕೆ ಮೊದಲನೆಯದನ್ನು ಕೊಡಲಿಲ್ಲ, ಎರಡನೆಯದನ್ನು ಬೆಳೆಸಲಿಲ್ಲ.

ಇನ್ನು 2021. ನೆಲದ ಮೇಲಿನ ಅನಲಾಗ್ ಪ್ರಸಾರ ಯಂತ್ರಗಳನ್ನು ದೇಶದಾದ್ಯಂತ ನಿಲ್ಲಿಸುತ್ತ ಬಂದಿರಿ. ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದವೆಲ್ಲ 2022ರ ಮಾರ್ಚಿನೊಳಗೆ ನಿಲ್ಲುತ್ತವೆ ಎಂದಿರಿ. ಹಳೆಯ ತಂತ್ರಜ್ಞಾನ, ವ್ಯರ್ಥ ಖರ್ಚು, ಆ ತರಂಗಾಂತರ ಬೇರೆ ಕೆಲಸಕ್ಕೆ ಬೇಕು: ಈ ಕಾರಣಗಳನ್ನು ನಾನು ಒಪ್ಪುತ್ತೇನೆ. ಮಾಳಿಗೆಯ ಮೇಲೆ ಕಡ್ಡಿ ಆಂಟೆನಾ ತಿರುಗಿಸುವ ಮನೆ ನಮ್ಮಲ್ಲೂ ಉಳಿದಿಲ್ಲ. ಅಕ್ಟೋಬರಿನಲ್ಲಿ ಕಲಬುರಗಿ ಕೇಂದ್ರವೇ ಮುಚ್ಚುತ್ತದೆ ಎಂಬ ಸುದ್ದಿ ಹಬ್ಬಿದಾಗ ಇಲ್ಲಿ ಆತಂಕವಾಯಿತು. ಆಗ ನೀವು ಸ್ಪಷ್ಟನೆ ಕೊಟ್ಟಿರಿ. ಸಿಲ್ಚಾರ್ ಮತ್ತು ಕಲಬುರಗಿ ಕೇಂದ್ರಗಳನ್ನು ಹೆಸರಿಸಿ, ಅವು ತಮ್ಮ ರಾಜ್ಯಗಳಿಗೆ ಮೀಸಲಾದ ಕಾರ್ಯಕ್ರಮಗಳನ್ನು ತಯಾರಿಸುತ್ತ ಇರುತ್ತವೆ, ಆ ಕಾರ್ಯಕ್ರಮಗಳು ದೂರದರ್ಶನದ ಉಪಗ್ರಹ ಚಾನೆಲ್ಲಿನಲ್ಲೂ ಯೂಟ್ಯೂಬಿನಲ್ಲೂ ಬರುತ್ತವೆ ಎಂದಿರಿ.

ನಾನು ಈ ಪತ್ರ ಬರೆಯುತ್ತಿರುವುದು ಆ ಮಾತನ್ನು ನಂಬಿ. ಕಾರ್ಯಕ್ರಮ ತಯಾರಿಸುತ್ತಾರೆ ಎಂದಿರಿ, ಆದರೆ ಎಷ್ಟು ಹೊತ್ತು, ಯಾವ ಹೊತ್ತಿಗೆ, ಯಾರು ತೀರ್ಮಾನಿಸುವುದು ಎಂದು ಹೇಳಲಿಲ್ಲ. ಟವರ್ ಇದ್ದಾಗ ಏನಿಲ್ಲದಿದ್ದರೂ ಒಂದು ಯಂತ್ರ ನಮ್ಮ ಊರಿನಲ್ಲಿತ್ತು, ಗಲಾಟೆ ಮಾಡಿಯಾದರೂ ಅದರಿಂದ ನಮ್ಮ ಸುದ್ದಿ ಹೇಳಿಸಬಹುದಿತ್ತು. ಈಗ ಆ ದಾರಿಯೂ ಇಲ್ಲ. ಹೊತ್ತು ಗೊತ್ತುಮಾಡದ ಕಾರ್ಯಕ್ರಮವನ್ನು ಹೊಲದಿಂದ ಬಂದವರು ಯಾವಾಗ ನೋಡಬೇಕು?

2020ರ ಅಕ್ಟೋಬರನ್ನು ನೆನಪಿಸಿಕೊಳ್ಳಿ. ಮಹಾರಾಷ್ಟ್ರದಲ್ಲಿ ಮಳೆ ಸುರಿದು, ಮೇಲಿನಿಂದ ನೀರು ಬಿಟ್ಟು, ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ, ಚಿತ್ತಾಪುರದ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಅಂಥ ದಿನ ಬೇಕಾಗುವುದು ರಾಜಧಾನಿಯ ವಾರ್ತೆಯಲ್ಲಿ ಎರಡು ನಿಮಿಷದ ದೃಶ್ಯವಲ್ಲ. ಉಜನಿ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆ, ಸೊನ್ನ ಬ್ಯಾರೇಜಿಗೆ ಎಷ್ಟು ಹೊತ್ತಿಗೆ ಬರುತ್ತದೆ, ಯಾವ ಸೇತುವೆ ಮುಳುಗಿದೆ, ಗಂಜಿ ಕೇಂದ್ರ ಯಾವ ಶಾಲೆಯಲ್ಲಿದೆ, ದನಗಳಿಗೆ ಮೇವು ಎಲ್ಲಿ: ಇಷ್ಟನ್ನು ನಮ್ಮ ಮಾತಿನಲ್ಲಿ ಗಂಟೆಗಂಟೆಗೂ ಹೇಳುವ ಒಬ್ಬರು ಬೇಕು. 2022ರಲ್ಲಿ ತೊಗರಿಗೆ ನೆಟೆ ರೋಗ ಬಂದು ನಿಂತ ಬೆಳೆ ಒಣಗಿತು. ಭೌಗೋಳಿಕ ಮಾನ್ಯತೆ ಪಡೆದ ಬೆಳೆ ಅದು, ಈ ಸೀಮೆಯ ಜೀವಾಳ. ಯಾವ ತಳಿಗೆ ರೋಗ ಹೆಚ್ಚು, ಬೀಜೋಪಚಾರ ಹೇಗೆ, ಪರಿಹಾರಕ್ಕೆ ಅರ್ಜಿ ಎಲ್ಲಿ ಎಂದು ತಿಳಿಸಲು ನಮ್ಮಲ್ಲೇ ಕೃಷಿ ವಿಜ್ಞಾನಿಗಳಿದ್ದಾರೆ, ನಮ್ಮಲ್ಲೇ ಸ್ಟುಡಿಯೊ ಇದೆ. ಬೀಜ, ರೋಗ, ಔಷಧಿಯ ಕಾರ್ಯಕ್ರಮವನ್ನೇ ಹಳ್ಳಿಯವರು ಹೆಚ್ಚು ಇಷ್ಟಪಡುತ್ತಾರೆಂದು ಸೈಟ್ ವರದಿಗಳಲ್ಲೇ ಬರೆದಿಟ್ಟಿದೆ.

ಕಷ್ಟ ಬಂದಾಗ ಮಾತ್ರವಲ್ಲ. ಕಡಕೋಳದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವವರು ಇನ್ನೂ ಇದ್ದಾರೆ. ಶರಣಬಸವೇಶ್ವರರ ಜಾತ್ರೆಯ ತೇರು, ಖ್ವಾಜಾ ಬಂದೇ ನವಾಜರ ಉರುಸು, ಎರಡೂ ಒಂದೇ ಊರಿನವು, ಎರಡಕ್ಕೂ ಹೋಗುವ ಜನ ಒಂದೇ. ಇಲ್ಲಿಯ ಕನ್ನಡದಲ್ಲಿ ಉರ್ದು, ಮರಾಠಿ, ತೆಲುಗು ಬೆರೆತಿವೆ. ಸಿನಿಮಾ, ಧಾರಾವಾಹಿಗಳು ಈ ಮಾತನ್ನು ಬಳಸುವುದು ನಗಿಸುವ ಪಾತ್ರಕ್ಕೆ. ವಾರ್ತೆ ಓದುವವರು, ವೈದ್ಯರು, ವಿಜ್ಞಾನಿ, ವಕೀಲರು ಇದೇ ಮಾತಿನಲ್ಲಿ ಗಂಭೀರವಾಗಿ ಮಾತಾಡುವುದನ್ನು ನಮ್ಮ ಮಕ್ಕಳು ಪರದೆಯ ಮೇಲೆ ಕಾಣಬೇಕು. ಕಾಣದೆ ಬೆಳೆದ ಮಗು ತನ್ನ ಮಾತಿನ ಬಗ್ಗೆ ಅಳುಕುತ್ತಲೇ ಬೆಳೆಯುತ್ತದೆ. ಬೆಂಗಳೂರಿನ ಸಂದರ್ಶನಗಳಲ್ಲಿ ತಡವರಿಸುವ ನಮ್ಮ ಹುಡುಗ ಹುಡುಗಿಯರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ನಿಮ್ಮ ಸಂಸ್ಥೆಯನ್ನು ಹುಟ್ಟಿಸಿದ 1990ರ ಕಾಯ್ದೆಯ 12ನೇ ಸೆಕ್ಷನ್ ದೇಶದ ಬೇರೆ ಬೇರೆ ಪ್ರದೇಶಗಳ ಸಂಸ್ಕೃತಿ, ಭಾಷೆಗಳಿಗೆ ತಕ್ಕ ಜಾಗ ಕೊಡುವುದನ್ನೂ, ಬೇಸಾಯ, ಶಿಕ್ಷಣ, ಗ್ರಾಮಾಭಿವೃದ್ಧಿ, ಆರೋಗ್ಯಕ್ಕೆ ವಿಶೇಷ ಗಮನ ಕೊಡುವುದನ್ನೂ ನಿಮ್ಮ ಕರ್ತವ್ಯವೆಂದು ಹೇಳುತ್ತದೆ. ಹಣದ ಮಾತು ಬಂದರೆ, ಪ್ರಸಾರದ ಮೂಲಸೌಕರ್ಯ ಸುಧಾರಿಸುವ ಬಿಂಡ್ ಯೋಜನೆಗೆ 2023ರ ಜನವರಿಯಲ್ಲಿ ಕೇಂದ್ರ ಸಂಪುಟ 2,539.61 ಕೋಟಿ ರೂಪಾಯಿ ಒಪ್ಪಿದೆ. ಜಾಗದ ಮಾತು ಬಂದರೆ, ಡಿಡಿ ಫ್ರೀ ಡಿಶ್ ನಿಮ್ಮದೇ. ಅದರ ಜಾಗಗಳನ್ನು ಖಾಸಗಿ ಚಾನೆಲ್ಲುಗಳಿಗೆ ಹರಾಜು ಹಾಕುತ್ತೀರಿ. 2024ರಲ್ಲಿ ವೇವ್ಸ್ ಎಂಬ ಆ್ಯಪ್ ಕೂಡ ತಂದಿದ್ದೀರಿ. ಹಾಗಾಗಿ ಜಾಗವಿಲ್ಲ, ಹಣವಿಲ್ಲ ಎಂಬ ಉತ್ತರವನ್ನು ನಾವು ಒಪ್ಪಲಾರೆವು.

ನಮ್ಮ ಬೇಡಿಕೆ ಹೀಗಿದೆ. ಚಂದನದಲ್ಲಿ ದಿನಕ್ಕೆ ಒಂದು ಗಂಟೆ ಕಲಬುರಗಿ ಕೇಂದ್ರದ್ದಾಗಿರಲಿ: ಬೆಳಿಗ್ಗೆ ಹೊಲಕ್ಕೆ ಹೋಗುವ ಮೊದಲು ಅರ್ಧ ಗಂಟೆ, ರಾತ್ರಿ ಊಟದ ಹೊತ್ತಿಗೆ ಅರ್ಧ ಗಂಟೆ. ಆ ಗಂಟೆಯನ್ನು ಕ್ರಿಕೆಟ್ಟಿಗೂ ಭಾಷಣಕ್ಕೂ ಕಿತ್ತುಕೊಳ್ಳಬಾರದು. ಅದರಲ್ಲಿ ಏನು ಬರಬೇಕೆಂಬುದನ್ನು ಕಲಬುರಗಿ ಕೇಂದ್ರವೇ ತೀರ್ಮಾನಿಸಲಿ. ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು, ಶಿಕ್ಷಕರು, ಆಶಾ ಕಾರ್ಯಕರ್ತೆಯರು ಇರುವ ಸಲಹಾ ಸಮಿತಿ ಜೊತೆಗಿರಲಿ. ಪ್ರವಾಹದಂಥ ಹೊತ್ತಿನಲ್ಲಿ ಮೇಲಿನವರ ಅಪ್ಪಣೆಗೆ ಕಾಯದೆ ಪ್ರಸಾರದ ನಡುವೆ ಬರುವ ಅಧಿಕಾರ ಕೇಂದ್ರಕ್ಕೆ ಸಿಗಲಿ. ಇದು ಒಂದು ವರ್ಷ ಸರಿಯಾಗಿ ನಡೆದರೆ ಫ್ರೀ ಡಿಶ್‌ನಲ್ಲಿ ಕಲ್ಯಾಣ ಕರ್ನಾಟಕಕ್ಕೇ ಒಂದು ಚಾನೆಲ್ ಕೊಡುವುದನ್ನು ಮಂಡಳಿ ಚರ್ಚೆಗೆ ತೆಗೆದುಕೊಳ್ಳಲಿ. 371(ಜೆ) ವಿಧಿ ನಮ್ಮ ಏಳು ಜಿಲ್ಲೆಗಳ ಹಿಂದುಳಿದಿರುವಿಕೆಯನ್ನು ಸಂವಿಧಾನದಲ್ಲೇ ಒಪ್ಪಿಕೊಂಡಿದೆ, ನಾವು ಹೊಸದಾಗಿ ವಾದ ಹೂಡಬೇಕಿಲ್ಲ.

ಕೆಲಸಕ್ಕೆ ಜನ ಎಲ್ಲಿ ಎನ್ನುತ್ತೀರಾ? ಗುಲ್ಬರ್ಗ ವಿಶ್ವವಿದ್ಯಾಲಯ ಇಲ್ಲೇ ಇದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಪತ್ರಿಕೋದ್ಯಮ ಓದಿದ ಯುವಕ ಯುವತಿಯರು ಮೊಬೈಲಿನಲ್ಲೇ ಚಿತ್ರ ತೆಗೆದು, ಜೋಡಿಸಿ, ಯೂಟ್ಯೂಬಿಗೆ ಹಾಕುತ್ತ ಸಂಬಳವಿಲ್ಲದೆ ಸುದ್ದಿ ಮಾಡುತ್ತಿದ್ದಾರೆ. ಅವರನ್ನು ಸರಿಯಾದ ಸಂಬಳಕ್ಕೆ ಕರೆಯಿರಿ. ಹಾಗೆಯೇ ಕಲಬುರಗಿ ಕೇಂದ್ರದ ಮತ್ತು ಸೈಟ್ ಕಾಲದ ಕನ್ನಡ ಟೇಪುಗಳಲ್ಲಿ ಉಳಿದಿರುವಷ್ಟನ್ನು ಡಿಜಿಟಲ್ ಮಾಡಿಸಿ ಎಲ್ಲರಿಗೂ ನೋಡಲು ಬಿಡಿ. ಕನ್ನಡ ಟಿವಿಯ ಮೊದಲ ಪುಟಗಳು ಅವು, ಅವುಗಳ ಮೇಲೆ ಈ ಹಳ್ಳಿಗಳಿಗೆ ಹಕ್ಕಿದೆ.

ಈ ವಿಷಯವನ್ನು ಮುಂದಿನ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ. ಚರ್ಚೆಯ ಮೊದಲು ಸದಸ್ಯರಲ್ಲಿ ಇಬ್ಬರಾದರೂ ಕಲಬುರಗಿಗೆ ಬಂದು ಕೇಂದ್ರವನ್ನು ನೋಡಿ, ಸೈಟ್ ಸೆಟ್ಟಿನ ಮುಂದೆ ಕೂತಿದ್ದ ಹಿರಿಯರ ಜೊತೆ ಮಾತಾಡಿ ಹೋಗಲಿ. ತೀರ್ಮಾನ ಏನೇ ಆದರೂ ಅದನ್ನು ಕನ್ನಡದಲ್ಲಿ ಪ್ರಕಟಿಸಿ, ಕಾರಣ ಸಹಿತ.

ಇಂತಿ,
ಕಲಬುರಗಿ ಜಿಲ್ಲೆಯ ಒಬ್ಬ ವೀಕ್ಷಕ